ಬೀಗ ಬಿದ್ದ ಅಂಚು

ಶಶಿರೇಖಾ ಸೀರೆಗಳಿಗೆ ಚಿತ್ರ ಬರೆಯುವವಳು. ದೊಡ್ಡಬಳ್ಳಾಪುರದ ಮಗ್ಗದ ಬೀದಿಯೊಂದರಲ್ಲಿ ಅವಳದೊಂದು ಪುಟ್ಟ ಕೋಣೆ, ಅದರೊಳಗೆ ಒಂದು ಕಂಪ್ಯೂಟರು. ಮಗ್ಗದವರು ಬಂದು ಇಂಥ ಅಂಚು ಬೇಕು, ಇಂಥ ಸೆರಗು ಬೇಕು ಎಂದರೆ ಅವಳು ಪರದೆಯ ಮೇಲೆ ಚೌಕ ಚೌಕವಾಗಿ ತುಂಬುತ್ತಾ ಹೋಗುತ್ತಾಳೆ. ಆ ಚೌಕಗಳ ಪ್ರಕಾರ ರಟ್ಟಿನ ಕಾರ್ಡುಗಳಿಗೆ ತೂತು ಬೀಳುತ್ತದೆ, ತೂತಿನ ಪ್ರಕಾರ ಮಗ್ಗದಲ್ಲಿ ಎಳೆ ಏಳುತ್ತದೆ.

ಅವಳ ಚಿತ್ರಗಳಲ್ಲಿ ಹೆಸರು ಮಾಡಿದ್ದು ಅವರೆ ಬಳ್ಳಿಯ ಅಂಚು. ತವರೂರು ನಂದಗುಡಿಯ ಕಡೆ. ರಾಗಿ ಹೊಲದ ಸಾಲುಗಳ ನಡುವೆ ಹಬ್ಬಿದ ಅವರೆಯನ್ನು ನೋಡುತ್ತಾ ಕೂತು, ಎಲೆ ತಿರುಗುವ ರೀತಿ, ಹೂವು ಗೊಂಚಲಲ್ಲಿ ನಿಲ್ಲುವ ರೀತಿಯನ್ನೆಲ್ಲ ಗುರುತು ಹಾಕಿಕೊಂಡು ಬರೆದದ್ದು. ಮಗ್ಗಗಳ ಯಜಮಾನ ಕೊಂಡಪ್ಪನಿಗೆ ಈಗ ಅದೇ ಬಳ್ಳಿ ಸೆರಗಿನ ತುಂಬ ದೊಡ್ಡದಾಗಿ ಬೇಕಾಗಿತ್ತು. ಮದುವೆ ಕಾಲ ಹತ್ತಿರ ಬಂದಿತ್ತು.

ಆ ಬೆಳಿಗ್ಗೆ ಚಿತ್ರದ ಸಾಫ್ಟ್‌ವೇರ್ ತೆರೆಯಲೇ ಇಲ್ಲ. ಅದು ಓಡಬೇಕಾದರೆ ಹೆಬ್ಬೆರಳು ಗಾತ್ರದ ಒಂದು ಕೀಯನ್ನು ಕಂಪ್ಯೂಟರಿಗೆ ಸಿಕ್ಕಿಸಿರಬೇಕು. ಕೀ ಸಿಕ್ಕಿಸಿಯೇ ಇತ್ತು. ಪರದೆ ಮಾತ್ರ ಕೀ ಇಲ್ಲ ಎನ್ನುತ್ತಿತ್ತು. ಬಿಚ್ಚಿ ಹಾಕಿದಳು, ಒರೆಸಿ ಹಾಕಿದಳು, ಕೊನೆಗೆ ಅದನ್ನು ಕೈಯಲ್ಲಿ ಹಿಡಿದು ಬಸ್ ಸ್ಟ್ಯಾಂಡ್ ಹತ್ತಿರ ಮಹಡಿಯ ಮೇಲಿದ್ದ ಡೀಲರ್ ಅನಿಲ್‌ಕುಮಾರನ ಆಫೀಸಿಗೆ ಹೋದಳು.

ಅವನು ಕುರ್ಚಿ ತೋರಿಸಿ ಕಾಫಿ ತರಿಸಿದ. "ಸಾಫ್ಟ್‌ವೇರಿನ ಹಳೇ ವರ್ಷನ್ನು ಕಂಪನಿ ನಿಲ್ಲಿಸ್ಬಿಟ್ಟಿದೆ ಮೇಡಂ. ಹೊಸದು ತಗೊಳ್ಳಿ. ಈಗೆಲ್ಲಾ ವರ್ಷ ವರ್ಷ ಬಾಡಿಗೆ ಲೆಕ್ಕ."

"ಲೈಫ್‌ಟೈಮ್ ಅಂತ ನೀವೇ ಹೇಳಿ ಮಾರಿದ್ರಲ್ಲ?"

"ಲೈಫ್‌ಟೈಮ್ ಅಂದ್ರೆ ಆ ವರ್ಷನ್ನಿನ ಲೈಫ್‌ಟೈಮ್ ಮೇಡಂ."

ಶಶಿರೇಖಾ ಕಾಫಿ ಮುಟ್ಟಲಿಲ್ಲ. "ಹೋಗ್ಲಿ, ನನ್ನ ಚಿತ್ರಗಳನ್ನಾದ್ರೂ ಹೊರಗೆ ತೆಗೆದುಕೊಡಿ."

"ಚಿತ್ರ ನಿಮ್ದೇ. ಫೈಲು ನಮ್ದು. ನಮ್ಮ ಸಾಫ್ಟ್‌ವೇರ್ ಬಿಟ್ರೆ ಬೇರೆಲ್ಲೂ ತೆರೆಯಲ್ಲ. ಹೊರಗೆ ತೆಗೆಯೋದು ಟೆಕ್ನಿಕಲಿ ಆಗದೇ ಇರೋ ಮಾತು."

ಅವಳು ಎದ್ದು ಸರಸರನೆ ಮೆಟ್ಟಿಲಿಳಿದಳು. ಕಣ್ಣು ನೋಯಿಸಿಕೊಂಡು, ಕತ್ತು ಹಿಡಿದುಕೊಂಡು ವರ್ಷಗಟ್ಟಲೆ ಕೂಡಿಟ್ಟ ಹೂವು, ಹಕ್ಕಿ, ಗೋಪುರಗಳೆಲ್ಲ ಅವಳದೇ ಕಂಪ್ಯೂಟರಿನಲ್ಲಿ ಕೂತಿವೆ, ಅವಳಿಗೇ ಕಾಣುವುದಿಲ್ಲ! ಮನೆ ಕಟ್ಟಿದ ಮೇಸ್ತ್ರಿ ಬಂದು ಬೀಗ ಹಾಕಿ, ಒಳಗಿರುವ ಪಾತ್ರೆಪಗಡವೂ ನನ್ನದೇ ಅಂದರೆ ಯಾರಾದರೂ ಸುಮ್ಮನಿರುತ್ತಾರೆಯೇ?

ಮನೆಗೆ ಬಂದವಳು ಹಿಂದಿನ ಬೀದಿಯ ಚಂದನಳಿಗೆ ಫೋನ್ ಮಾಡಿದಳು. ಚಂದನ ಪಾಲಿಟೆಕ್ನಿಕ್‌ನಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಾಳೆ. ಭಾನುವಾರ ಬಂತೆಂದರೆ ಸ್ಕೂಟರ್ ಹತ್ತಿ ಸಣ್ಣಪುಟ್ಟ ಅಂಗಡಿ, ಶೆಡ್ಡುಗಳಿಗೆ ಹೋಗಿ, ದುಡ್ಡು ಕೊಡದೆ ಬಳಸಬಹುದಾದ ಸಾಫ್ಟ್‌ವೇರ್‌ಗಳನ್ನು ಹಾಕಿಕೊಟ್ಟು ಪ್ರಯೋಗ ಮಾಡಿ ನೋಡಿ ಅನ್ನುತ್ತಾಳೆ. ತ್ಯಾಮಗೊಂಡ್ಲಿನ ಅಡಿಕೆ ಹಾಳೆ ತಟ್ಟೆಯವರಿಗೆ ಸ್ಟಾಕ್ ಬರೆದಿಡುವುದಕ್ಕೆ, ಪಿಲ್ಲಗುಂಪೆಯ ಲೇತ್ ಶೆಡ್ಡಿನವರಿಗೆ ನಕ್ಷೆ ಬರೆಯುವುದಕ್ಕೆ ಹೀಗೆ ಹಾಕಿಕೊಟ್ಟಿದ್ದಳು. ಹಿಂದೊಮ್ಮೆ ನಿಮಗೂ ಹಾಕಿಕೊಡಲೇ ಎಂದು ಚಂದನ ಕೇಳಿದಾಗ ಶಶಿರೇಖಾ, "ಬಿಟ್ಟಿ ಸಿಗೋದ್ರ ಹಣೆಬರಹ ಗೊತ್ತಮ್ಮಾ" ಎಂದು ನಕ್ಕಿದ್ದಳು.

ಈಗ ಬಂದ ಚಂದನ ಅದನ್ನು ನೆನಪಿಸಲಿಲ್ಲ. ಚಿತ್ರ ಬರೆಯುವ ಒಂದು ಸಾಫ್ಟ್‌ವೇರ್ ಹಾಕಿದಳು.

"ಇದನ್ನ ಬರೆದವರು ಒಳಗೇನಿದೆ ಅಂತ ಮುಚ್ಚಿಟ್ಟಿಲ್ಲ ಅಕ್ಕ. ಯಾರು ಬೇಕಾದ್ರೂ ನೋಡ್ಬಹುದು, ತಿದ್ಬಹುದು. ನೀವು ಬರೆದಿದ್ದು ಮಾಮೂಲಿ ಚಿತ್ರವಾಗೇ ಉಳಿಯುತ್ತೆ. ಯಾವ ಕಂಪ್ಯೂಟರಲ್ಲಾದ್ರೂ ತೆರೆಯುತ್ತೆ."

"ಯಾವ್ಯಾವ ಎಳೆ ಏಳ್ಬೇಕು ಅನ್ನೋ ನೇಯ್ಗೆ ಗುರುತನ್ನ ಚಿತ್ರದೊಳಗೆ ತುಂಬುತ್ತಾ?"

"ತಾನಾಗೇ ತುಂಬಲ್ಲ. ನಾವೇ ತುಂಬಬೇಕು. ಸ್ವಲ್ಪ ಕಷ್ಟ."

ಸ್ವಲ್ಪವಲ್ಲ, ಬಹಳ ಕಷ್ಟವಾಯಿತು. ಹಳೆಯದರಲ್ಲಿ ಒಂದು ಗುಂಡಿ ಒತ್ತಿದರೆ ಆಗುತ್ತಿದ್ದ ಕೆಲಸಕ್ಕೆ ಇಲ್ಲಿ ಬೆರಳು ಸೋಲುತ್ತಿತ್ತು. ಹಳೆಯ ಸೀರೆಯೊಂದನ್ನು ಮುಂದೆ ಹರಡಿಕೊಂಡು ಶಶಿರೇಖಾ ತನ್ನದೇ ಬಳ್ಳಿಯನ್ನು ಮತ್ತೆ ಮೊದಲಿನಿಂದ ಬರೆದಳು. ಕಾರ್ಡಿಗೆ ತೂತು ಹಾಕಿಸಿ ಕೊಂಡಪ್ಪನಿಗೆ ಕಳಿಸಿದಳು.

ಮಾರನೆಯ ದಿನವೇ ಕೊಂಡಪ್ಪ ನೇಯ್ದ ತುಂಡನ್ನು ತಂದು ಮೇಜಿನ ಮೇಲೆ ಎಸೆದ. ಬಳ್ಳಿಯ ಸುತ್ತ ಬೂದಿ ಚೆಲ್ಲಿದ ಹಾಗೆ ಬೇಡದ ಎಳೆಗಳೆದ್ದಿದ್ದವು.

"ಏನಮ್ಮಾ ಇದು? ಹೂವಾ, ಹುಳ ಹತ್ತಿದ ಗಿಡವಾ? ನನ್ನ ರೇಷ್ಮೆ ಏನು ಪ್ರಯೋಗಶಾಲೇನಾ?"

ಅವನು ಹೋದ ಮೇಲೆ ಚಂದನ ಬಂದಳು. ಶಶಿರೇಖಾ ಅವಳ ಮೇಲೆ ಹರಿಹಾಯ್ದಳು. "ಗೊತ್ತಿಲ್ದೇ ಯಾಕೆ ಬಂದೆ? ನಿನಗೇನು, ಭಾನುವಾರದ ಹವ್ಯಾಸ. ನನಗೆ ಇದು ಅನ್ನ!"

ಚಂದನಳ ಮುಖ ಕೆಂಪಾಯಿತು. ಆದರೂ ಚಪ್ಪಲಿ ಮೆಟ್ಟಿ ಹೊರಡಲಿಲ್ಲ. ಚಿತ್ರವನ್ನು ದೊಡ್ಡದು ಮಾಡಿ, ಇನ್ನೂ ದೊಡ್ಡದು ಮಾಡಿ, ಗೆರೆಯ ಅಂಚನ್ನೇ ದಿಟ್ಟಿಸಿದಳು. "ನೋಡಿ ಅಕ್ಕ. ಗೆರೆ ನುಣುಪಾಗಿ ಕಾಣ್ಲಿ ಅಂತ ಸಾಫ್ಟ್‌ವೇರ್ ತಾನಾಗೇ ಪಕ್ಕದಲ್ಲಿ ಬೂದು ಚುಕ್ಕಿ ಸೇರಿಸಿದೆ. ನಾವು ಅದರಲ್ಲಿರೋ ಬ್ರಶ್ ಹಿಡಿದಿದ್ದೇ ತಪ್ಪು, ಪೆನ್ಸಿಲ್ ಹಿಡೀಬೇಕಿತ್ತು. ನಾನೇ ನೋಡ್ಬೇಕಿತ್ತು."

ಮಗ್ಗಕ್ಕೆ ಎಳೆ ಏಳುವುದು, ಏಳದಿರುವುದು ಎರಡೇ ಗೊತ್ತು. ನಡುವಿನ ಬೂದು ಗೊತ್ತಿಲ್ಲ. ಇಬ್ಬರೂ ಕೂತು ಬೂದು ಚುಕ್ಕಿಗಳನ್ನು ತೆಗೆದರು. ನೇಯ್ಗೆ ತುಂಬುವ ಕಷ್ಟವನ್ನು ಚಂದನ ಆ ಸಾಫ್ಟ್‌ವೇರ್ ಬಳಸುವವರ ಗುಂಪಿಗೆ ಬರೆದು ಹಾಕಿದಳು. ಯಾವುದೋ ಊರಿನ, ಮುಖ ನೋಡದ ಒಬ್ಬರು ತಾವು ಮಾಡಿಟ್ಟುಕೊಂಡಿದ್ದ ಸಣ್ಣ ಸಾಧನವನ್ನು ಕಳಿಸಿಕೊಟ್ಟರು. ಅದನ್ನು ಹಾಕಿದ ಮೇಲೆ ಬೆರಳಿಗೆ ಬಿಡುವು ಸಿಕ್ಕಿತು. ಎರಡನೆಯ ತುಂಡನ್ನು ಕೊಂಡಪ್ಪ ಬೆಳಕಿಗೆ ಹಿಡಿದು ನೋಡಿ, ಮಗ್ಗಕ್ಕೆ ಕಾರ್ಡು ಏರಿಸಲು ಹೇಳಿದ.

ಆದರೆ ಬಂದದ್ದು ಒಂದೇ ಬಳ್ಳಿ. ಉಳಿದದ್ದೆಲ್ಲ ಬೀಗದೊಳಗೇ ಇತ್ತು.

ಅಷ್ಟರಲ್ಲಿ ನೇಕಾರರ ಸಂಘದ ಹಾಲಿನಲ್ಲಿ ಅನಿಲ್‌ಕುಮಾರ್ ಹೊಸ ಸಾಫ್ಟ್‌ವೇರಿನ ಪ್ರದರ್ಶನ ಇಟ್ಟ. ಊರಿನ ಡಿಸೈನಿನವರು, ಮಗ್ಗದವರು ಸೇರಿದ್ದರು. ಶಶಿರೇಖಾ ಚಂದನಳ ಜೊತೆ ಹಿಂದಿನ ಸಾಲಿನಲ್ಲಿ ಕೂತಳು. ಜಗಳಕ್ಕೆಂದು ಬಂದಿರಲಿಲ್ಲ, ಬಾಡಿಗೆ ಎಷ್ಟು ಕಡಿಮೆ ಮಾಡುತ್ತಾರೋ, ತನ್ನ ಹಳೆಯ ಫೈಲುಗಳು ಹೊಸದರಲ್ಲಿ ತೆರೆಯುತ್ತವೋ ನೋಡೋಣ ಎಂದು ಅವನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಬಂದಿದ್ದಳು. ಮಾತಿನ ಮಧ್ಯೆ ಅನಿಲ್‌ಕುಮಾರ್ ನಗುತ್ತಾ ಹೇಳಿದ: "ಕೆಲವರು ಬಿಟ್ಟಿ ಸಾಫ್ಟ್‌ವೇರ್ ಹಂಚ್ತಾ ಓಡಾಡ್ತಿದಾರೆ. ಅದನ್ನ ಹಾಕೊಂಡ್ರೆ ವೈರಸ್ ಬರುತ್ತೆ, ಮಗ್ಗಾನೇ ಕೆಡುತ್ತೆ. ಹುಷಾರು."

ಚಂದನ ತಲೆ ತಗ್ಗಿಸಿದಳು. ಅದನ್ನು ನೋಡಿ ಶಶಿರೇಖಾ ಎದ್ದು ನಿಂತಳು.

"ಕೊಂಡಪ್ಪಣ್ಣ ಇಲ್ಲೇ ಇದಾರೆ. ಅವರ ಮಗ್ಗ ಕೆಟ್ಟಿದ್ಯಾ ಕೇಳಿ. ಆಮೇಲೆ ನನ್ನ ಚಿತ್ರ ತೆಗೆದುಕೊಡಿ."

"ಮೇಡಂ, ಪ್ರೋಗ್ರಾಂ ಮುಗೀಲಿ..."

"ಪ್ರೋಗ್ರಾಂ ಇದೇ. ನಿಮ್ಮ ಹೊಸ ಸಾಫ್ಟ್‌ವೇರ್ ತೆರೆದಿದೆಯಲ್ಲ, ಅದರಲ್ಲಿ ಇದನ್ನ ತೆಗೆದು ಮಾಮೂಲಿ ಚಿತ್ರ ಮಾಡಿ ತೋರಿಸಿ. ಆಗಲ್ಲ ಅಂದ್ರಲ್ಲ? ಹೇಗೆ ಆಗಲ್ಲ ಅಂತ ಎಲ್ರೂ ನೋಡ್ಲಿ." ಮುಂದೆ ಹೋಗಿ ಪೆನ್‌ಡ್ರೈವನ್ನು ಅವನ ಲ್ಯಾಪ್‌ಟಾಪಿನ ಪಕ್ಕದಲ್ಲಿಟ್ಟಳು.

"ನಂದೂ ಹಂಗೇ ಆಗಿದೆ ಕಣಪ್ಪಾ," ಎಂದು ಇನ್ನೊಬ್ಬ ಡಿಸೈನರ್ ಗಂಗಣ್ಣ ಕೂಗಿದ. "ಮೊದ್ಲು ಆಯಮ್ಮಂದು ತೆಗಿ."

ಅನಿಲ್‌ಕುಮಾರ್ ಅತ್ತಿತ್ತ ನೋಡಿದ. ಬೇರೆ ದಾರಿಯಿರಲಿಲ್ಲ. ಪೆನ್‌ಡ್ರೈವ್ ಸಿಕ್ಕಿಸಿದ, ಒಂದೆರಡು ಕಡೆ ಒತ್ತಿದ. ಗೋಡೆಯ ಮೇಲಿನ ದೊಡ್ಡ ಪರದೆಯಲ್ಲಿ ಅವರೆ ಬಳ್ಳಿ ಬಿಚ್ಚಿಕೊಂಡಿತು. ಇನ್ನೊಂದು ಗುಂಡಿ ಒತ್ತಿದ. ಮಾಮೂಲಿ ಚಿತ್ರವಾಗಿ ಉಳಿಯಿತು. ಬಾಯಲ್ಲಿದ್ದ ಎಲೆ ಅಡಿಕೆ ಉಗಿದು ಬರುವಷ್ಟು ಹೊತ್ತೂ ಹಿಡಿಯಲಿಲ್ಲ.

"ಇಷ್ಟೇನಾ?" ಶಶಿರೇಖಾ ಅವನತ್ತ ತಿರುಗಿದಳು. "ಇಷ್ಟಕ್ಕೇನಾ ಆಗದೇ ಇರೋ ಮಾತು ಅಂದಿದ್ದು? ಇಡೀ ಬಳ್ಳೀನ ಮತ್ತೆ ಬರೆದೆನಲ್ಲ ನಾನು! ಈ ಹುಡುಗಿ ಮೇಲೆ ಕೂಗಾಡಿದೆನಲ್ಲ! ಆ ಗುಂಡಿ ಇರೋದು ನಿಮಗೆ ಆವತ್ತೇ ಗೊತ್ತಿತ್ತು."

"ಕಂಪನಿ ಪಾಲಿಸಿ ಮೇಡಂ, ನಾನೇನು..."

"ಪಾಲಿಸಿ ಬೇರೆ, ಆಗಲ್ಲ ಅನ್ನೋದು ಬೇರೆ. ಕೊಡಲ್ಲ ಅಂತ ಹೇಳಿದ್ರೆ ಕಳ್ಳತನ ಅಂತ ನನಗೂ ಗೊತ್ತಾಗ್ತಿತ್ತು."

ಮುಂದೆ ಗದ್ದಲವಾಯಿತು. ಎಲ್ಲರ ಕೈಯಲ್ಲೂ ಒಂದೊಂದು ಪೆನ್‌ಡ್ರೈವ್ ಕಂಡಂತಾಗಿ ಅನಿಲ್‌ಕುಮಾರ್ ಲ್ಯಾಪ್‌ಟಾಪ್ ಮಡಚಿ ಹೊರಟುಹೋದ. ಆದರೆ ಆ ವಾರ ಕಳೆಯುವುದರೊಳಗೆ ಅವನ ಆಫೀಸಿನಿಂದ ಎಲ್ಲರಿಗೂ ಫೋನ್ ಬಂತು: ಹಳೆಯ ಗ್ರಾಹಕರ ಚಿತ್ರಗಳನ್ನು ಒಂದು ಸಲ ಉಚಿತವಾಗಿ ತೆಗೆದುಕೊಡುತ್ತೇವೆ, ಸೇವೆಯ ರೂಪದಲ್ಲಿ. ಶಶಿರೇಖಾಳ ಚಿತ್ರಗಳು ಬಹುಪಾಲು ಬಂದವು. ಕೆಲವು ಕೆಟ್ಟುಹೋಗಿದ್ದವು, ಅವಕ್ಕೆ ಯಾರೂ ಹೊಣೆ ಹೊರಲಿಲ್ಲ.

ಎಲ್ಲರೂ ಬದಲಾದರು ಎಂದಲ್ಲ. ಗಂಗಣ್ಣನೇ, "ನಂಗೆ ಅಷ್ಟು ತಾಳ್ಮೆ ಇಲ್ಲ ಕಣಮ್ಮಾ" ಎಂದು ಬಾಡಿಗೆ ಕಟ್ಟಿ ಹೊಸದನ್ನೇ ಹಾಕಿಸಿಕೊಂಡ. ಇನ್ನು ಕೆಲವರು ಚಂದನಳನ್ನು ಕರೆದರು. ಶಶಿರೇಖಾ ಅವಳಲ್ಲಿ ಕ್ಷಮೆ ಕೇಳಲು ಹೋದಾಗ ಚಂದನ, "ಬಿಡಿ ಅಕ್ಕ, ಮುಂದಿನ ಭಾನುವಾರ ನೀವೂ ಬನ್ನಿ, ನೇಯ್ಗೆ ವಿಷಯ ನಂಗೆ ಅರ್ಥ ಆಗಲ್ಲ" ಎಂದಳು. ಆ ಭಾನುವಾರ ಶಶಿರೇಖಾ ಅವಳ ಜೊತೆ ಹೋದಳು.

ಒಂದು ಮಧ್ಯಾಹ್ನ ಡೀಲರ್ ಆಫೀಸಿನ ಹುಡುಗಿಯೊಬ್ಬಳು ಫೋನ್ ಮಾಡಿದಳು. "ಮೇಡಂ, ನಮ್ಮ ಸಂತೃಪ್ತ ಗ್ರಾಹಕರ ಪುಟಕ್ಕೆ ನಿಮ್ಮದೊಂದು ಫೋಟೋ, ಎರಡು ಮಾತು ಬೇಕಿತ್ತು."

ಶಶಿರೇಖಾ ಮೌಸ್ ಬಿಟ್ಟು ನೇರ ಕೂತಳು. "ಎರಡು ಮಾತು ಸಾಲಲ್ಲಮ್ಮಾ. ಫೋನು ನಿಮ್ಮ ಸಾರ್ ಕೈಗೆ ಕೊಡು, ನಡೆದಿದ್ದು ಪೂರ್ತಿ ಹೇಳ್ತೀನಿ."