ನಾಟಿಗೆ ಬಾರದವರು

ನಾಲೆ ನೀರಿನ ಜಗಳಕ್ಕೆ ಎರಡೂರಿನ ಗಂಡಸರು ಚುಂಚನಕಟ್ಟೆಯಲ್ಲಿ ಕೂತು ರಾಜಿಯಾದರು. ಹೆಂಗಸರನ್ನೂ ಕರೆಯೋಣವೇ ಎಂಬ ಮಾತು ಬಂದಾಗ, ಅವರಿಗೇನು ಕೆಲಸ ಇಲ್ಲಿ ಎಂದು ತಳ್ಳಿಹಾಕಿದವನು ಒಂದೂರಿನ ರೈತ ದೇವರಾಜು.

ಮರುದಿನ ಅವನ ಗದ್ದೆಗೆ ನೀರೇನೋ ಬಂತು, ನಾಟಿಯ ಪೈರನ್ನೂ ಕಿತ್ತಿಟ್ಟಾಗಿತ್ತು. ಜಗಳವಾಡಿದ್ದ ಆ ಪಕ್ಕದೂರಿನಿಂದ ನಾಟಿಗೆ ಬರುತ್ತಿದ್ದ ಹೆಂಗಸರು ಮಾತ್ರ ಬರಲಿಲ್ಲ. ಅವರ ಗುಂಪು ನಡೆಸುವ ಚಿಕ್ಕಬೀರಮ್ಮನ ಮನೆಗೆ ತಾನೇ ಹೋದ. ಆಕೆ ಜಗಲಿಯಲ್ಲಿ ಸೊಪ್ಪು ಬಿಡಿಸುತ್ತಿದ್ದಳು.

“ರಾಜಿ ಆಯ್ತಲ್ಲಕ್ಕ, ಯಾಕ್ ಯಾರೂ ಬರ್ನಿಲ್ಲ?”

“ಜಗಳದ ದಿನ ನಿಮ್ಮೂರೋರು ನಮ್ ಹೆಣ್ಮಕ್ಳನ್ನ ಬಾಯಿಗೆ ಬಂದಂಗೆ ಬೈದ್ರಲ್ಲ, ಆ ಮಾತು ರಾಜೀಲಿ ಬಂತಾ?”

“ಇಲ್ಲ ಕಣಕ್ಕ.”

“ನಮ್ಮನ್ನ ಯಾರಾದ್ರೂ ಕೇಳುದ್ರಾ?”

“ಪೈರು ಕಿತ್ತಾಗದೆ ಕಣಕ್ಕ, ಒಣಗೋಯ್ತದೆ.”

ಚಿಕ್ಕಬೀರಮ್ಮ ಸೊಪ್ಪಿನಿಂದ ತಲೆಯೆತ್ತಲಿಲ್ಲ. “ಅಂಗಾದ್ರೆ ರಾಜಿ ಆದೋರ್ನೇ ಕರ್ಕೊಂಡೋಗಿ ನಾಟಿ ಮಾಡ್ಸಪ್ಪ.”