ಒಂದು ಹನಿಯೂ ಕುಡಿಯದವಳ ಲಿವರ್

ನಾನು ಒಂದು ಯಕೃತ್ತು. ಲಿವರ್ ಎಂದರೆ ನಿಮಗೆ ಬೇಗ ಗೊತ್ತಾಗುತ್ತದೆ. ಈಗ ವೈದ್ಯಕೀಯ ಕಾಲೇಜೊಂದರ ಮ್ಯೂಸಿಯಂನಲ್ಲಿ, ಗಾಜಿನ ಜಾಡಿಯೊಳಗೆ, ಮೂಗಿಗೆ ಹೊಡೆಯುವ ಔಷಧದ ನೀರಿನಲ್ಲಿ ಮುಳುಗಿ ಕೂತಿದ್ದೇನೆ. ಎಡಕ್ಕೆ ಕಲ್ಲು ತುಂಬಿದ ಪಿತ್ತಕೋಶ, ಬಲಕ್ಕೆ ಬೀಡಿ ಸೇದಿ ಕರಿಯಾದ ಯಾರದೋ ಶ್ವಾಸಕೋಶ. ಎಂಥ ನೆರೆಹೊರೆ! ನೋಡಲು ಬಂದವರು ನನ್ನ ಮೈಮೇಲಿನ ಗಂಟುಗಳನ್ನು ಕಂಡು ‘ಥೂ, ಕುಡುಕನ ಲಿವರ್’ ಎಂದು ಮುಖ ಸಿಂಡರಿಸಿ ಮುಂದೆ ಹೋಗುತ್ತಾರೆ. ಆಗೆಲ್ಲ ನನಗೆ ಹೇಸಿಗೆಯಾಗುತ್ತದೆ. ನನ್ನ ಮೇಲಲ್ಲ, ಅವರ ಮೇಲೆ.

ನಾನು ರೂಪುಗೊಂಡದ್ದು ದಾವಣಗೆರೆಯ ರುದ್ರಮ್ಮ ಎಂಬಾಕೆಯ ಬಸಿರಿನಲ್ಲಿ. ರುದ್ರಮ್ಮನನ್ನು ಅವಳ ಸ್ವಂತ ಸೋದರಮಾವ ಚನ್ನವೀರಪ್ಪನಿಗೇ ಕೊಟ್ಟು ಮದುವೆ ಮಾಡಿದ್ದರು. ಮನೆಯ ಹೆಣ್ಣು ಮನೆಯಲ್ಲೇ ಉಳಿಯಿತು ಎಂದು ಹಿರಿಯರಿಗೆ ಭಾರಿ ಸಮಾಧಾನ. ಹೆಣ್ಣಿನ ಜೊತೆ ಇನ್ನೇನು ಉಳಿಯಿತು ಎಂದು ಯಾರೂ ಕೇಳಲಿಲ್ಲ.

ನನ್ನಂಥವರು ಹೇಗೆ ಕೆಲಸ ಮಾಡಬೇಕೆಂಬ ಅಪ್ಪಣೆ ತಾಯಿಯಿಂದ ಒಂದು, ತಂದೆಯಿಂದ ಒಂದು ಬರುತ್ತದೆ. ಅದಕ್ಕೆ ಜೀನ್ ಎನ್ನುತ್ತಾರೆ. ಒಂದು ಕೆಟ್ಟಿದ್ದರೂ ಇನ್ನೊಂದು ಅಷ್ಟಿಷ್ಟು ಕೈಹಿಡಿಯುತ್ತದೆ. ಬಂದ ಕೊಬ್ಬನ್ನು ಕರಗಿಸುವ ನನ್ನ ಅಪ್ಪಣೆ ಮಾತ್ರ ಎರಡೂ ಕಡೆಯಿಂದ ಕೆಟ್ಟೇ ಬಂತು. ಎರಡು ಕಡೆ ಎಲ್ಲಿಯದು? ಇದ್ದದ್ದು ಒಂದೇ ಮನೆ.

ಹುಟ್ಟಿದ ಹೆಣ್ಣುಮಗುವಿಗೆ ಕೊಟ್ರಮ್ಮ ಎಂದು ಹೆಸರಿಟ್ಟರು. ಅವಳೇ ನನ್ನ ಯಜಮಾನಿ. ಅವಳ ಬಲಗಡೆಯ ಪಕ್ಕೆಲುಬಿನ ಕೆಳಗೆ ಕೂತು ನಾನು ಕಂಡ ಮೊದಲ ದೊಡ್ಡ ಅಸಹ್ಯ ಚನ್ನವೀರಪ್ಪನ ಸಾವಿನದು. ಆಗ ಕೊಟ್ರಮ್ಮ ಶಾಲೆಗೆ ಹೋಗುವ ಹುಡುಗಿ, ತಮ್ಮ ಮರುಳಸಿದ್ದ ತೊಟ್ಟಿಲ ಕೂಸು. ಚನ್ನವೀರಪ್ಪ ಕಣ್ಣು ಹಳದಿಯಾಗಿ, ಹೊಟ್ಟೆ ಊದಿ, ರಕ್ತ ಕಾರಿಕೊಂಡು ಸತ್ತ. ಕೊರಳಲ್ಲಿ ಲಿಂಗ ಕಟ್ಟಿಕೊಂಡು, ಪೂಜೆ ಮಾಡದೆ ನೀರು ಮುಟ್ಟದ ಮನುಷ್ಯ ಅವನು. ಹೆಣವನ್ನು ಇನ್ನೂ ಅಂಗಳದಲ್ಲಿ ಕೂರಿಸಿರುವಾಗಲೇ ವಿಭೂತಿ ಹಚ್ಚಿಕೊಂಡ ಬಾಯಿಗಳು ಪಿಸುಗುಟ್ಟಿದವು.

“ಲಿವರ್ ಹೋಗೈತಂತೆ. ಕುಡೀದೆ ಹೋಗ್ತತೇನು? ಕದ್ದು ಕುಡಿತಿದ್ದ ಬಿಡು.”

ಆ ಮಾತು ಓಣಿ ದಾಟಿ ಶಾಲೆಗೂ ಬಂತು. ಹುಡುಗಿಯರು ಕೊಟ್ರಮ್ಮನನ್ನು ಕುಡುಕನ ಮಗಳು ಎಂದರು. ಅವಳು ಜಗಳವಾಡಲಿಲ್ಲ, ನಂಬಿಬಿಟ್ಟಳು. ಮನೆಗೆ ಬಂದವಳೇ ಗೋಡೆಯ ಮೇಲಿದ್ದ ಅಪ್ಪನ ಫೋಟೊ ತೆಗೆದು ಟ್ರಂಕಿನ ತಳಕ್ಕೆ ಹಾಕಿದಳು. ಅಪ್ಪನ ಫೋಟೊ ಒಳಗೆ ಹೋಯಿತು, ಅಪ್ಪನ ಲಿವರಿನ ಗುಣ ಅವಳೊಳಗೇ ಕೂತಿತ್ತು. ನನಗೆ ಬಾಯಿ ಇರಲಿಲ್ಲ.

ಕೊಟ್ರಮ್ಮನಿಗೆ ಮದುವೆಯಾಗುವ ವಯಸ್ಸಿನ ಸೋದರಮಾವ ಇರಲಿಲ್ಲ. ಹಾಗಾಗಿ ವಿಧಿಯಿಲ್ಲದೆ ಹೊರಗಿನ ಸಂಬಂಧ ನೋಡಿ ವೀರಭದ್ರಪ್ಪ ಎಂಬ ಮಂಡಕ್ಕಿ ಭಟ್ಟಿಯವನಿಗೆ ಕೊಟ್ಟರು. ಗಂಡ ಬೆಳಿಗ್ಗೆಯಿಂದ ಮಂಡಕ್ಕಿ ಹುರಿಯುತ್ತಿದ್ದ. ಇವಳು ಸಂಜೆ ತಳ್ಳುಗಾಡಿಯಲ್ಲಿ ಮೆಣಸಿನಕಾಯಿ ಬಜ್ಜಿ ಕರಿಯುತ್ತಿದ್ದಳು. ಅಲ್ಲಿಂದ ನನ್ನ ನರಕ ಶುರುವಾಯಿತು.

ಮಾರಾಟವಾಗದ ಬಜ್ಜಿಯನ್ನು ಚೆಲ್ಲುವುದುಂಟೇ? ಅದೇ ಅವಳ ಊಟ. ಕಾದು ಕಾದು ಡಾಂಬರಿನಂತಾದ ಎಣ್ಣೆ ನನ್ನ ಪಾಲಿಗೆ. ಅದರ ಮೇಲೆ ಪಾಯಸದಷ್ಟು ಸಿಹಿಯಾದ ಚಹಾ, ಬೆಳಿಗ್ಗೆ ಬೆಣ್ಣೆ ತೇಲುವ ದೋಸೆ. ನನ್ನ ಕಣಕಣದಲ್ಲೂ ಜಿಡ್ಡು ತುಂಬಿಕೊಂಡಿತು. ಅಂಟಂಟು, ಹಳದಿ ಹಳದಿ. ನನ್ನನ್ನು ನಾನೇ ಮುಟ್ಟಿಕೊಳ್ಳಲು ಅಸಹ್ಯಪಡುತ್ತಿದ್ದೆ. ಯಜಮಾನಿ ಮಾತ್ರ ಕಡ್ಡಿಯ ಹಾಗೆ ತೆಳ್ಳಗೇ ಇದ್ದಳು.

ಪಕ್ಕದ ಮನೆಯ ಸರೋಜಕ್ಕ ಅವಳ ಜೀವದ ಗೆಳತಿ. ಆ ಮಹಾತಾಯಿ ಇವಳ ಎರಡರಷ್ಟು ತಿನ್ನುತ್ತಿದ್ದಳು, ನಡೆದರೆ ಏದುಸಿರು ಬಿಡುತ್ತಿದ್ದಳು. ಒಮ್ಮೆ ಓಣಿಯಲ್ಲಿ ಉಚಿತ ತಪಾಸಣೆ ನಡೆದಾಗ ಇಬ್ಬರೂ ಹೋಗಿ ಮಲಗಿದರು. ತಣ್ಣನೆಯ ಲೋಳೆಯನ್ನು ಹೊಟ್ಟೆಗೆ ಬಳಿದು ಯಂತ್ರ ಒತ್ತಿದರು. ಆ ಲೋಳೆಯ ನೆನಪಿಗೆ ಇವತ್ತಿಗೂ ಮೈ ಜುಂ ಎನ್ನುತ್ತದೆ. ಇಬ್ಬರಿಗೂ ಫ್ಯಾಟಿ ಲಿವರ್ ಎಂದರು. ಸರೋಜಕ್ಕನ ಲಿವರಿನಲ್ಲಿ ನನಗಿಂತ ಹೆಚ್ಚು ಕೊಬ್ಬಿತ್ತು, ಆದರೂ ಅದು ಬೆಣ್ಣೆಯಂತೆ ಮೆತ್ತಗಿತ್ತು. ನನ್ನೊಳಗೆ ಆಗಲೇ ಗಾಯ, ಗಾಯದ ಮೇಲೆ ಕಲೆ, ಗಟ್ಟಿ ನಾರು. ತಪಾಸಣೆಯ ಡಾಕ್ಟರು ತೆಳ್ಳಗಿನ ಕೊಟ್ರಮ್ಮನನ್ನು ಮೇಲಿಂದ ಕೆಳಗೆ ನೋಡಿದ.

“ಡ್ರಿಂಕ್ಸ್ ಗಿಂಕ್ಸ್ ಅಭ್ಯಾಸ ಐತೇನಮ್ಮ?”

ಸುತ್ತ ನಿಂತಿದ್ದ ಹೆಂಗಸರು ಕಿಸಕ್ಕೆಂದರು. ‘ಮನೆಯಲ್ಲಿ ಯಾರಿಗಾದರೂ ಲಿವರ್ ತೊಂದರೆ ಇತ್ತೇ?’ ಎಂದು ಅವನು ಕೇಳಲೇ ಇಲ್ಲ. ಕೇಳಿದ್ದರೂ ಇವಳು ಹೇಳುತ್ತಿರಲಿಲ್ಲ. ಅಪ್ಪನ ಹೆಸರು ಎತ್ತಿದರೆ ಅಪ್ಪನ ಕಳಂಕ ತನಗೂ ಮೆತ್ತಿಕೊಳ್ಳುತ್ತದೆ ಎಂಬ ಹೆದರಿಕೆ. ಸರೋಜಕ್ಕನ ಹತ್ತಿರವೂ ‘ಬರೇ ಗ್ಯಾಸ್ ಟ್ರಬಲ್ಲು ಕಣಕ್ಕ’ ಎಂದಳು. ಆಮೇಲೆ ವರ್ಷಗಟ್ಟಲೆ ಗುಟ್ಟಾಗಿ ಯಾವಯಾವುದೋ ಸೊಪ್ಪಿನ ರಸ ಅರೆದು ಕುಡಿದಳು. ಕಹಿ, ಹಸಿರು, ಕೊಳೆತ ವಾಸನೆ. ಅದನ್ನೂ ಸೋಸುವ ಕೆಲಸ ನನ್ನದೇ! ನಾಚಿಕೆ ಎಂಬುದು ಎಣ್ಣೆಗಿಂತ ಹೆಚ್ಚಾಗಿ ಲಿವರನ್ನು ಕೆಡಿಸುತ್ತದೆ ಎಂದು ನಾನು ಅನುಭವದಿಂದ ಹೇಳುತ್ತೇನೆ.

ಕೊನೆಗೆ ಒಂದು ಸಂಜೆ ಬಜ್ಜಿ ಗಾಡಿಯ ಮುಂದೆಯೇ ರಕ್ತ ಕಾರಿಕೊಂಡು ಬಿದ್ದಳು. ಈ ಕಾಲೇಜಿನ ಆಸ್ಪತ್ರೆಗೆ ತಂದರು. ಇಲ್ಲಿಯ ಲಿವರ್ ಡಾಕ್ಟರು ನಫೀಸಾ ಮೇಡಂ ಪರೀಕ್ಷೆ ಮಾಡಿಸಿ, ನನ್ನ ಕಥೆ ಮುಗಿಯಿತು, ಬೇರೆ ಲಿವರ್ ಹಾಕದಿದ್ದರೆ ಅವಳ ಕಥೆಯೂ ಮುಗಿಯುತ್ತದೆ ಎಂದರು. ಹತ್ತಿರದ ರಕ್ತಸಂಬಂಧಿ ಒಂದು ತುಂಡು ಕೊಟ್ಟರೂ ಸಾಕು, ಅದು ಇಬ್ಬರಲ್ಲೂ ಬೆಳೆಯುತ್ತದೆ ಎಂದರು.

ತಮ್ಮ ಮರುಳಸಿದ್ದ ಮೊದಲು ಮುಂದೆ ಬಂದ. ಗಟ್ಟಿಮುಟ್ಟಾದ ಆಳು, ಇನ್ನೂ ಮದುವೆಯಾಗಿರಲಿಲ್ಲ. ಅವನನ್ನು ಪರೀಕ್ಷಿಸಿದ ಮೇಡಂ ಅಡ್ಡಡ್ಡ ತಲೆ ಆಡಿಸಿದರು. ಅವನ ಲಿವರಿನಲ್ಲೂ ನನ್ನಂಥದೇ ಕಲೆ ಶುರುವಾಗಿತ್ತು. ಆಮೇಲೆ ಕೊಟ್ರಮ್ಮನ ಮಗಳು ದಾಕ್ಷಾಯಿಣಿ. ಡಿಗ್ರಿ ಮುಗಿಸಿ ಕೆಲಸ ಹುಡುಕುತ್ತಿದ್ದ ಹುಡುಗಿ. ಅವಳದು ಶುದ್ಧವಾಗಿತ್ತು.

ಆಗ ನನ್ನ ಯಜಮಾನಿ ಆಡಿದ ಮಾತಿದೆಯಲ್ಲ, ಅದು ನಾನು ಸೋಸಿದ ಎಲ್ಲ ವಿಷಕ್ಕಿಂತ ಕಹಿಯಾಗಿತ್ತು.

“ಹೊಟ್ಟೆ ಕುಯ್ಸಿಕೊಂಡ ಹುಡುಗೀನ ಯಾರು ಮಾಡ್ಕೋತಾರೆ? ನಮ್ಮ ಸಿದ್ದನಾದ್ರೆ ಮಾಡ್ಕೋತಾನೆ. ಸೋದರಮಾವ, ಹಕ್ಕಿನ ಗಂಡು. ದಾಕ್ಷಿ ಅವನ್ನ ಮದ್ವೆ ಆಗ್ತೀನಿ ಅಂತ ಬಾಯ್ಬಿಟ್ಟು ಹೇಳ್ಲಿ, ಆಗ ಅವಳ ಲಿವರ್ ತಗೋತೀನಿ. ಇಲ್ಲಾಂದ್ರೆ ನಾನು ಹಿಂಗೇ ಸಾಯ್ತೀನಿ.”

“ಅವ್ವಾ, ಮಾಮ ನನ್ನ ಎತ್ತಿ ಆಡ್ಸಿದೋನು. ನನಗೆ ಅಪ್ಪ ಇದ್ದಂಗೆ” ಎಂದು ದಾಕ್ಷಾಯಿಣಿ ಅತ್ತಳು. ಮರುಳಸಿದ್ದ ತಲೆ ತಗ್ಗಿಸಿ ಬಾಗಿಲ ಹೊರಗೆ ಹೋದ. ಕೊಟ್ರಮ್ಮ ಗೋಡೆಯ ಕಡೆ ಮುಖ ತಿರುಗಿಸಿ ಮಲಗಿದಳು, ಮಾತ್ರೆಯನ್ನೂ ಮುಟ್ಟಲಿಲ್ಲ. ಹಳದಿ ಕಣ್ಣು, ಊದಿದ ಹೊಟ್ಟೆ, ಆದರೂ ಹಟ ಮಾತ್ರ ಒಂದಿಷ್ಟೂ ಬತ್ತಿರಲಿಲ್ಲ. ಹೆತ್ತ ಮಗಳ ಎದುರು ತನ್ನ ಪ್ರಾಣವನ್ನೇ ಇಟ್ಟು ವ್ಯಾಪಾರಕ್ಕೆ ಕೂತವಳ ಒಳಗೆ ಇರುವುದಕ್ಕೇ ನನಗೆ ಹೇಸಿಗೆಯಾಯಿತು.

ಮಾರನೆಯ ದಿನ ಜೀನ್ ಪರೀಕ್ಷೆಯ ಫಲ ಬಂತು. ನಫೀಸಾ ಮೇಡಂ ಹಾಸಿಗೆಯ ಅಂಚಿನಲ್ಲೇ ಕೂತರು.

“ಕೊಟ್ರಮ್ಮ, ನಿಮ್ಮಲ್ಲೂ ನಿಮ್ಮ ತಮ್ಮನಲ್ಲೂ ಒಂದು ದೋಷ ಎರಡೂ ಕಡೆಯಿಂದ ಬಂದಿದೆ. ತಂದೆ ತಾಯಿ ಸಂಬಂಧದವರಾ?”

“ಅವ್ವನ ಸೋದರಮಾವನೇ ನಮ್ಮಪ್ಪ.”

“ಅದಕ್ಕೇ ಹೀಗಾಗಿರೋ ಸಾಧ್ಯತೆ ಹೆಚ್ಚು. ನಿಮ್ಮ ಯಜಮಾನರು ಹೊರಗಿನವರು, ಅವರಿಂದ ಮಗಳಿಗೆ ಒಳ್ಳೇದು ಬಂದಿದೆ. ಅವಳಲ್ಲಿರೋದು ನಿಮ್ಮ ಕಡೆಯಿಂದ ಬಂದ ಒಂದೇ ದೋಷ. ಅವಳನ್ನ ನಿಮ್ಮ ತಮ್ಮನಿಗೆ ಕೊಟ್ರೆ, ಹುಟ್ಟೋ ಮಕ್ಕಳಲ್ಲಿ ಅರ್ಧಕ್ಕರ್ಧ ನಿಮ್ಮ ಥರಾನೇ ಆಗಬಹುದು. ಎಲ್ಲರಿಗೂ ಕಾಯಿಲೆ ಬಂದೇ ಬರುತ್ತೆ ಅಂತಲ್ಲ. ಆದರೆ ಇಂಥವರಿಗೆ ಕೊಬ್ಬು ಸೇರಿದರೆ ಲಿವರ್ ಬೇಗ ಗಟ್ಟಿಯಾಗುತ್ತೆ. ಕುಡಿಯೋದೇ ಬೇಕಿಲ್ಲ.”

ಕೊಟ್ರಮ್ಮ ಗೋಡೆಯಿಂದ ಈಚೆ ತಿರುಗಿದಳು. ಮಕ್ಕಳ ಮಾತು ಅವಳ ಕಿವಿಗೆ ಬಿತ್ತೋ ಇಲ್ಲವೋ. ಅವಳು ಹಿಡಿದುಕೊಂಡದ್ದು ಕೊನೆಯ ಮಾತನ್ನು.

“ಕುಡೀದೇನೂ ಹಿಂಗೆ ಆಗ್ತತಾ, ಮೇಡಂ?”

“ಆಗುತ್ತಮ್ಮ. ನಿಮಗಾಗಿಲ್ವಾ?”

ಅವಳ ಎದೆ ಡವಡವ ಹೊಡೆದುಕೊಂಡದ್ದು ನನಗೆ ಪಕ್ಕದಲ್ಲೇ ಕೇಳಿಸಿತು. “ಹಂಗಾದ್ರೆ ನಮ್ಮಪ್ಪ...” ಎಂದು ತನಗೇ ಹೇಳಿಕೊಂಡಳು. ಆಮೇಲೆ ಮಗಳನ್ನು ಹತ್ತಿರ ಕರೆದು, “ಮದ್ವೆ ಮಾತು ಬಿಡವ್ವ. ನಮ್ಮನೇದು ನಮ್ಮನೇಲೇ ಸುತ್ತಿದ್ದು ಸಾಕು” ಎಂದಳು. ಹೊರಗೆ ನಿಂತಿದ್ದ ಮರುಳಸಿದ್ದ ಕರವಸ್ತ್ರದಲ್ಲಿ ಮುಖ ಒರೆಸಿಕೊಂಡ.

ನನ್ನನ್ನು ಕತ್ತರಿಸಿ ಹೊರಗೆ ತೆಗೆದಾಗ ಡಾಕ್ಟರುಗಳೇ ಮುಖ ಕಿವುಚಿದರು. ಟ್ರೇಯಲ್ಲಿ ಬಿದ್ದುಕೊಂಡು ನಾನು ದಾಕ್ಷಾಯಿಣಿಯ ಲಿವರಿನ ತುಂಡನ್ನು ನೋಡಿದೆ. ನಯವಾದ, ಕೆಂಪಗೆ ಹೊಳೆಯುವ ತುಂಡು. ಅದು ನನ್ನ ಜಾಗಕ್ಕೆ ಹೋಯಿತು. ಹೊಟ್ಟೆಕಿಚ್ಚಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಕೊಟ್ರಮ್ಮನ ಒಪ್ಪಿಗೆ ಪಡೆದು ನನ್ನನ್ನು ಈ ಜಾಡಿಗೆ ಹಾಕಿದರು.

ಕಾಲೇಜಿನವರು ವರ್ಷಕ್ಕೊಮ್ಮೆ ಮ್ಯೂಸಿಯಂ ಅನ್ನು ಜನರಿಗೆ ತೆರೆದಿಡುತ್ತಾರೆ. ಮೊನ್ನೆ ಅಂಥ ದಿನ. ನೂಕುನುಗ್ಗಲು, ಬೆವರಿನ ವಾಸನೆ, ಗಾಜಿನ ಮೇಲೆ ಎಣ್ಣೆ ಬೆರಳುಗಳು. ಇಸ್ತ್ರಿ ಅಂಗಿ ತೊಟ್ಟ ಒಬ್ಬ ದೊಡ್ಡ ಮನುಷ್ಯ ಹೆಂಡತಿಗೆ ನನ್ನನ್ನು ತೋರಿಸಿ, “ನೋಡು, ಕುಡಿದು ಕುಡಿದು ಹೆಂಗಾಗೈತೆ. ಇಂಥೋರು ಸಾಯೋದೇ ಸರಿ” ಎಂದ. ಸುತ್ತಲಿದ್ದವರು ಹೌದೌದು ಎಂದರು. ನಾನು ಎಂದಿನಂತೆ ಹೇಸಿಕೊಂಡೆ.

“ಅದು ನಂದು ಕಣಪ್ಪ.”

ದನಿ ನನಗೆ ಗುರುತು ಸಿಕ್ಕಿತು. ಒಳಗಿನಿಂದ ಕೇಳಿದ ದನಿಯನ್ನು ಹೊರಗಿನಿಂದ ಕೇಳಿದ್ದು ಅದೇ ಮೊದಲು. ಕೊಟ್ರಮ್ಮ ಮಗಳ ಕೈ ಹಿಡಿದು ನಿಂತಿದ್ದಳು. ಕಣ್ಣು ಬೆಳ್ಳಗಿತ್ತು.

ಜನ ಹಿಂದೆ ಸರಿದರು. ಅವಳು ಜಾಡಿಯ ಹತ್ತಿರ ಬಂದು, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು: “ನಾನು ಒಂದು ಹನಿ ಕುಡಿದೋಳಲ್ಲ. ನಮ್ಮಪ್ಪಂದೂ ಹಿಂಗೇ ಆಗಿತ್ತು. ನಮ್ಮಪ್ಪ ಚನ್ನವೀರಪ್ಪ. ಅವನೂ ಕುಡೀತಿರ್ಲಿಲ್ಲ.”

ಆ ದೊಡ್ಡ ಮನುಷ್ಯ ಹೆಂಡತಿಯನ್ನು ಎಳೆದುಕೊಂಡು ಶ್ವಾಸಕೋಶದ ಕಡೆ ಹೊರಟುಹೋದ. ಕೊಟ್ರಮ್ಮ ಗಾಜಿಗೆ ಅಂಗೈ ಒತ್ತಿ ನಿಂತಳು. ನನ್ನ ಗಂಟುಗಂಟಾದ ಮೈಯನ್ನು ಮುಖ ಸಿಂಡರಿಸದೆ ನೋಡಿದವಳು ಅವಳೊಬ್ಬಳೇ.

“ನಿನ್ನ ಫೋಟೊ ಗೋಡೆಗೆ ಹಾಕೀನಪ್ಪ” ಎಂದಳು ಮೆಲ್ಲಗೆ. ಅದನ್ನು ಅವಳು ಹೇಳಿದ್ದು ನನಗಲ್ಲ.