ಎರಡು ಸೆಕೆಂಡಿನ ತಡ

ಪಾರ್ಶ್ವವಾಯು ಹೊಡೆದು ಮಾವನ ಮಾತು ನಿಂತ ಮೇಲೆ ಅವರ ಬದಲು ಮಾತಾಡುವುದು ಒಂದು ಟ್ಯಾಬ್ಲೆಟ್ಟು. ಪರದೆಯ ತುಂಬ ಪದಗಳ ಚೌಕಗಳಿವೆ. ಎಡಗೈ ಬೆರಳಿನಿಂದ ಒತ್ತಿದರೆ ಅದು ಆ ಪದವನ್ನು ಹೇಳುತ್ತದೆ, ಆದರೆ ಎರಡು ಸೆಕೆಂಡು ಸುಮ್ಮನಿದ್ದು ಆಮೇಲೆ. ನಮ್ಮ ಮನೆಯಲ್ಲಿ ಎರಡು ಸೆಕೆಂಡೆಂದರೆ ಒಂದು ಯುಗ. ಮಾವನ "ಬೇಡ" ಹೊರಗೆ ಬರುವಷ್ಟರಲ್ಲಿ ತಟ್ಟೆಗೆ ಇನ್ನೊಂದು ಸಲ ಬಡಿಸಿ ಆಗಿರುತ್ತದೆ.

ಭಾನುವಾರ ಭಾವ ಬರುವವರಿದ್ದರು. ಮಾವನ ಕನ್ನಡಕದ ಅಂಗಡಿ ಮುಚ್ಚಬೇಕೋ ಬೇಡವೋ ಎಂದು ಅವತ್ತೇ ತೀರ್ಮಾನ ಆಗಬೇಕಂತೆ. ಭಾವ ಬಾಯಿ ತೆರೆದರೆ ನಡುವೆ ಉಸಿರಿಗೂ ಜಾಗವಿರುವುದಿಲ್ಲ. ನನ್ನ ಗಂಡನೋ, ಅಣ್ಣನ ಮುಂದೆ ಅಡ್ಡಗೋಡೆಯ ಮೇಲೆ ದೀಪ ಇಡುವವನು. ಇವರ ನಡುವೆ ಮಾವನ ಮಾತು ಯಾರ ಕಿವಿಗೆ ಬಿದ್ದೀತು? ಅಂಗಡಿ ಅವರ ಪ್ರಾಣ. ಕಣ್ಣೆದುರೇ ಅದಕ್ಕೆ ಬೀಗ ಬೀಳಲು ನಾನು ಬಿಡುವವಳಲ್ಲ.

ನಾನೂ ಆಫೀಸಿನಲ್ಲಿ ಪ್ರೋಗ್ರಾಂ ಬರೆಯುವವಳೇ, ಬಸ್ಸುಗಳ ವೇಳಾಪಟ್ಟಿ ಹೊಂದಿಸುವಂಥದ್ದು. ಮಾವನ ಟ್ಯಾಬ್ಲೆಟ್ಟಿನ ತಂತ್ರಾಂಶ ಓಪನ್ ಸೋರ್ಸ್. ಅದರ ಕೋಡ್ ಎಲ್ಲರ ಮುಂದೆ ಬಿಚ್ಚಿಟ್ಟಿರುತ್ತದೆ, ಯಾರು ಬೇಕಾದರೂ ತಿದ್ದಿ ಕಳಿಸಬಹುದು, ನೋಡಿಕೊಳ್ಳುವವರು ಒಪ್ಪಿದರೆ ಸೇರಿಸುತ್ತಾರೆ. ನನ್ನ ಪಾಡಿಗೆ ನಾನು ನಮ್ಮದನ್ನಷ್ಟೇ ತಿದ್ದಿಕೊಳ್ಳಬಹುದಿತ್ತು. ಆದರೆ ಎಲ್ಲರಿಗೂ ಉಪಕಾರವಾಗಲಿ ಎಂಬ ದೊಡ್ಡಸ್ತಿಕೆ. ಊಟದ ಬಿಡುವಿನಲ್ಲಿ ಕೂತು ಎರಡು ಎಂದಿದ್ದಲ್ಲಿ ಸೊನ್ನೆ ಹಾಕಿ, ಮಾವನ ವಿಷಯವನ್ನೂ ಬರೆದು ಕಳಿಸಿದೆ. ಒಂದೇ ಒಂದು ಅಂಕಿ, ಯಾರು ಬೇಡವೆಂದಾರು?

ಬೇಡವೆಂದರು. ಆ ಯೋಜನೆ ನೋಡಿಕೊಳ್ಳುವವರು 'ಆಮೆ' ಎಂದು ಹೆಸರಿಟ್ಟುಕೊಂಡಿದ್ದ ಯಾರೋ. "ಕಳಿಸಿದ್ದಕ್ಕೆ ಥ್ಯಾಂಕ್ಸ್. ಆದ್ರೆ ಹೀಗೇ ಸೇರಿಸೋಕಾಗಲ್ಲ. ಇದು ಬೇಕು ಅಂತ ನಿಮ್ಮ ಮಾವನೇ ಹೇಳಿದ್ರಾ?" ಎಂದು ಬರೆದಿದ್ದರು.

ನನಗೆ ಪಿತ್ತ ನೆತ್ತಿಗೇರಿತು. "ಮಾತೇ ಬರದವರು ಹೇಗ್ರೀ ಹೇಳ್ತಾರೆ? ಆರಾಮಾಗಿ ಕೂತು ಕೋಡ್ ಬರೆಯೋರಿಗೆ ಕಾಯೋರ ಕಷ್ಟ ಏನು ಗೊತ್ತು!" ಎಂದು ಕುಟ್ಟಿ ಕಳಿಸಿದೆ.

ಉತ್ತರ ಮರುದಿನ ಬಂತು. "ನಾನೂ ಇದರಲ್ಲೇ ಮಾತಾಡೋದು. ಕೈ ನಡುಗತ್ತೆ. ಒತ್ತಿದ್ದು ಬೇಡ ಅನ್ಸಿದ್ರೆ ಅಳಿಸೋಕೆ ನನಗೆ ಆ ಎರಡು ಸೆಕೆಂಡು ಬೇಕು."

ಓದಿ ಕಕ್ಕಾಬಿಕ್ಕಿಯಾದೆ. ನಾನು ಬೈದದ್ದು ಯಾರಿಗೆ, ವಾದಿಸಿದ್ದು ಯಾರ ಪರವಾಗಿ, ತಲೆಬುಡ ತಿಳಿಯಲಿಲ್ಲ. ಮಾವನಿಗೆ ಆ ಹೊತ್ತು ಬೇಡ, ಇವರಿಗೆ ಬೇಕು. ಹಾಗಾದರೆ ತಪ್ಪು ಕೋಡಿನಲ್ಲಿತ್ತೋ ನನ್ನಲ್ಲಿತ್ತೋ? ನಾಚಿಕೆಯಾಗಿ ಕ್ಷಮೆ ಕೇಳಿದೆ. ಆಮೆ ನಗುಮುಖ ಕಳಿಸಿ, "ಎಷ್ಟು ಕಾಯ್ಬೇಕು ಅನ್ನೋದನ್ನ ಬಳಸೋರೇ ಆರಿಸೋ ಹಾಗೆ ಮಾಡಿ" ಎಂದರು. ಮಾಡಿದೆ. ಅಲ್ಲಿ ತಪ್ಪು, ಇಲ್ಲಿ ತಪ್ಪು ಎಂದು ಹಿಂದಕ್ಕೆ ಕಳಿಸಿ ಕಳಿಸಿ, ಕೊನೆಗೆ ಶನಿವಾರ ಸೇರಿಸಿಕೊಂಡರು. ಮಾವನ ಟ್ಯಾಬ್ಲೆಟ್ಟಿನಲ್ಲಿ ಸೊನ್ನೆ ಆರಿಸಿದವಳು ಮಾತ್ರ ನಾನೇ. ಅವರನ್ನು ಕೇಳಬೇಕೆಂದು ಹೊಳೆಯಲೂ ಇಲ್ಲ.

ಭಾನುವಾರ ಭಾವ ಬಂದು ಕುರ್ಚಿ ಎಳೆದುಕೊಳ್ಳುತ್ತಲೇ ಶುರು ಮಾಡಿದರು. "ನೋಡಪ್ಪ, ಒಂದು ಕೈಯಲ್ಲಿ ಲೆನ್ಸ್ ಕೂರಿಸೋಕಾಗತ್ತಾ? ಅಂಗಡಿ ಯಾರು ನೋಡ್ಕೋತಾರೆ?"

"ಮಾವ ಒಪ್ಪಲ್ಲ ಭಾವ, ಅವರಿಗೆ ಅಂಗಡಿ ಅಂದ್ರೆ..." ಎಂದು ನಾನು ಮುಂದೆ ಬಂದೆ.

"ಅಂಗಡಿ. ಸಾಕು." ಎಂದಿತು ಟ್ಯಾಬ್ಲೆಟ್ಟು.

ಭಾವ ಟ್ಯಾಬ್ಲೆಟ್ಟಿನ ಕಡೆ ಬಾಗಿದರು. ನನ್ನ ಗಂಡ ನನ್ನ ಮುಖ ನೋಡಿದ. ಬೆರಳು ತಪ್ಪಿರಬೇಕು, ಅಳಿಸಲು ನಾನು ಹೊತ್ತೇ ಉಳಿಸಿಲ್ಲವಲ್ಲ ಎಂದುಕೊಂಡು ಟ್ಯಾಬ್ಲೆಟ್ಟನ್ನು ಅವರ ಹತ್ತಿರಕ್ಕೆ ಸರಿಸಿದೆ. "ಮಾವ, ನಿಧಾನಕ್ಕೆ ಇನ್ನೊಂದ್ಸಲ ಒತ್ತಿ."

ಮಾವ ಬೆರಳನ್ನು ನನಗೆ ಕಾಣುವಂತೆ ಎತ್ತಿ, ಒಂದೊಂದಾಗಿ ಒತ್ತಿದರು. "ಅಂಗಡಿ. ಸಾಕು."

"ಮತ್ತೆ ಇಷ್ಟು ದಿನ ಯಾಕೆ ಹೇಳ್ಲಿಲ್ಲ?" ಎಂದೆ. ಯಾರಿಗಾಗಿ ಅಷ್ಟೆಲ್ಲ ಜಗಳವಾಡಿದ್ದೆನೋ ಅವರೇ ನನ್ನನ್ನು ಕೈಬಿಟ್ಟ ಹಾಗಾಗಿತ್ತು.

ಮಾವನ ಮುಖದಲ್ಲಿ ಸಿಟ್ಟಿರಲಿಲ್ಲ. ಬೆರಳು ಚೌಕಗಳ ಮೇಲೆ ಸರಸರ ಓಡಿತು. "ನಾನು. ಹೇಳು. ನೀನು. ಮೊದಲು. ಹೇಳು. ನಾನು. ಅಳಿಸು."

ಅರೆಬರೆ ಪದಗಳಾದರೂ ಅರ್ಥವಾಯಿತು. ಮಾವ ಅದನ್ನು ಎಷ್ಟೋ ಸಲ ಒತ್ತಿದ್ದರು. ಆ ಎರಡು ಸೆಕೆಂಡಿನಲ್ಲಿ ಅವರ ಉತ್ತರ ನಾನು ಹೇಳಿ ಮುಗಿಸುತ್ತಿದ್ದೆ, ಸೊಸೆಗೆ ಮುಖಭಂಗವಾಗಬಾರದೆಂದು ಅವರು ಒತ್ತಿದ್ದನ್ನು ಅಳಿಸುತ್ತಿದ್ದರು.

ಹಾಗಲ್ಲ ಮಾವ, ನಾನು ನಿಮ್ಮ ಒಳ್ಳೇದಕ್ಕೇ ಎನ್ನಬೇಕೆಂದು ಬಾಯಿ ತೆರೆದೆ. ಅವರ ಬೆರಳು ಇನ್ನೊಂದು ಚೌಕದ ಕಡೆಗೆ ಹೊರಟಿತ್ತು. ತುಟಿ ಬಿಗಿಹಿಡಿದು ಕಾದೆ.